ಕೆಂಪಿಯ ದರಬಾರು

ಒಂಬತ್ತನೇ ತರಗತಿಯ ಅರವತ್ತು ಮಕ್ಕಳನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸುವ ಮೇಷ್ಟ್ರಮ್ಮ ಒಂದು ಹೇಂಟೆಗೆ ಹೆದರಿ, ಮುಂಬಾಗಿಲಿನಿಂದ ಮನೆ ಸುತ್ತಿ ಬಚ್ಚಲಿಗೆ ಹೋಗುತ್ತಿದ್ದಳು ಎಂದರೆ ನೀವು ನಗುತ್ತೀರಿ. ನಗಿ. ಆದರೆ ನನ್ನ ಮೀನಖಂಡದ ಮೇಲಿನ ಗಾಯಗಳನ್ನು ನೋಡಿ ಆಮೇಲೆ ನಗಿ.

ನಮ್ಮ ಮನೆ ಬಿ.ಜಿ. ಕೆರೆಯಲ್ಲಿ, ನನ್ನ ಶಾಲೆ ಚಳ್ಳಕೆರೆಯಲ್ಲಿ. ಹಿತ್ತಿಲಲ್ಲಿರುವ ಏಳು ಕೋಳಿಗಳೂ ಅತ್ತೆಯವು. ಅವುಗಳಲ್ಲಿ ಕೆಂಪಿಯನ್ನು ಅವರು ಮೊಳಕಾಲ್ಮುರಿನ ತಂಗಿಯ ಮನೆಯಿಂದ, ಮರಿಯಾಗಿದ್ದಾಗ, ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು. ಅತ್ತೆಯ ಅಂಗೈಯಿಂದ ನುಚ್ಚು ತಿನ್ನುವಾಗ ಅದರಷ್ಟು ಸಾಧು ಪ್ರಾಣಿ ಇನ್ನೊಂದಿಲ್ಲ. ನಾನು ಹಿತ್ತಿಲ ಬಾಗಿಲು ತೆಗೆದರೆ ಮಾತ್ರ ಕತ್ತಿನ ಗರಿ ಕೆದರಿಕೊಂಡು ಓಡಿ ಬಂದು ಕಾಲಿಗೆ ಕುಕ್ಕುತ್ತಿತ್ತು. ನನ್ನ ಮನೆಯ ಹಿತ್ತಿಲಿಗೆ ಹೋಗಲು ಇದರ ಅಪ್ಪಣೆ ಬೇಕೇ? ಅತ್ತೆಗೆ ದೂರು ಕೊಟ್ಟೆ. ನಾನು ನಡೆಯುವಾಗ ಸೀರೆ ಬೀಸುತ್ತೇನಂತೆ, ಅದಕ್ಕೇ ಕೋಳಿಗೆ ಗಾಬರಿಯಂತೆ. ಒಟ್ಟಿನಲ್ಲಿ ತಪ್ಪು ಸೀರೆಯದು.

ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕ, ಹಿರಿಯರ ಮಾತು ಕೇಳಿ, ಪ್ರಾಣಿಗಳಿಗೆ ದಯೆ ತೋರಿ ಎಂದು ಬರೆಸಿದ್ದಾನೆ. ವರ್ಷವರ್ಷವೂ ನಾನೇ ಪಾಠ ಮಾಡುತ್ತೇನೆ. ಎರಡೂ ನನಗೇ ಹೇಳಿದಂತಿವೆ. ಪಾಪ, ಅವನ ಅರಮನೆಗೆ ಹಿತ್ತಿಲಿತ್ತೋ ಇಲ್ಲವೋ.

ನನ್ನ ಕಾಲಿನ ಮಟ್ಟಿಗಾದರೆ ಸಹಿಸುತ್ತಿದ್ದೆನೇನೋ. ಆದರೆ ಎಲ್ಲಕ್ಕಿಂತ ಚಿಕ್ಕದಾದ ಚುಕ್ಕಿ ಎಂಬ ಹೇಂಟೆಯನ್ನು ಕೆಂಪಿ ಕಾಳಿನ ಹತ್ತಿರವೇ ಬಿಡುತ್ತಿರಲಿಲ್ಲ. ಒಂದು ಭಾನುವಾರ ನೋಡಿದರೆ ಚುಕ್ಕಿಯ ತಲೆಯೆಲ್ಲ ರಕ್ತ. ಒಗೆಯುವ ಕಲ್ಲಿನ ಹಿಂದೆ ಮುದುರಿ ಕೂತಿದೆ, ಕೆಂಪಿ ಮತ್ತೆ ಮತ್ತೆ ಆ ಗಾಯಕ್ಕೇ ಕುಕ್ಕುತ್ತಿದೆ. ನನ್ನ ಮೈ ಉರಿದುಹೋಯಿತು. ಕೆಂಪಿಯ ಮೇಲೆ ಮಂಕರಿ ಬುಟ್ಟಿ ಕವುಚಿ, ಅದರ ಮೇಲೊಂದು ಕಲ್ಲು ಹೇರಿದೆ.

"ಅತ್ತೆ, ನಾಕು ದಿನ ಇದು ಹೊರಗೆ ಬರಂಗಿಲ್ಲ. ಬಂದ್ರೆ ಸಾರಿಗೆ ಹಾಕ್ತೀನಿ" ಎಂದೆ.

ಅವರಿಗೆ ನಾನು ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅವರು ಮಧ್ಯಾಹ್ನ ಮುದ್ದೆ ಮುಟ್ಟಲಿಲ್ಲ, ಅಷ್ಟೆ.

ಮಂಕರಿಯೊಳಗೆ ನೀರು, ನುಚ್ಚು ಇಟ್ಟವಳು ನಾನು. ಚುಕ್ಕಿಗೆ ಅರಿಶಿನ ಹಚ್ಚಿದವರು ಅತ್ತೆ. ಹಚ್ಚುತ್ತಾ, ಗಾಯ ಇಷ್ಟು ಆಳವಾಗಿದ್ದರೂ ತಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಕೇಳಿಸಿತು. ಕೇಳದವಳ ಹಾಗೆ ಪಾತ್ರೆ ತೊಳೆದೆ.

ಐದನೇ ದಿನ ಮಂಕರಿ ಎತ್ತಿದೆ. ಅಷ್ಟರಲ್ಲಿ ಹಿತ್ತಿಲ ರಾಜಕೀಯವೇ ಬದಲಾಗಿತ್ತು. ಹೊಟ್ಟೆ ತುಂಬ ತಿಂದು ರೂಢಿಯಾಗಿದ್ದ ಕೋಳಿಗಳು ಜಾಗ ಬಿಡಲಿಲ್ಲ. ಕೆಂಪಿ ಹಿಂದೆ ನಿಂತು ಮಿಕ್ಕಿದ್ದನ್ನು ತಿಂದಿತು. ನನಗಾದ ಸಂತೋಷ ಒಬ್ಬ ಶಿಕ್ಷಕಿಗೆ ಶೋಭಿಸುವಂಥದ್ದಲ್ಲ.

ಆ ಸಂತೋಷ ಒಂದು ವಾರ ಬಾಳಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಕಾಳಿಗೆ ಕತ್ತು ಚಾಚಿದ ಕೆಂಪಿಯ ನೆತ್ತಿಗೆ ಯಾವುದೋ ಕೋಳಿ ಬಿಡದೆ ಕುಕ್ಕುತ್ತಿದೆ. ಚುಕ್ಕಿ! ಇದಕ್ಕಾಗಿಯೇ ಅಲ್ಲವೇ ನಾನು ಅತ್ತೆಯನ್ನು ಎದುರು ಹಾಕಿಕೊಂಡದ್ದು? ಇಂಥ ಕೃತಘ್ನತೆಯೇ?

ಅತ್ತೆ ನುಚ್ಚಿನ ತಟ್ಟೆ ಹಿಡಿದು ಪಕ್ಕಕ್ಕೆ ಬಂದು ನಿಂತರು. "ಈಗ ಯಾವುದನ್ನ ಮುಚ್ಚಾಣಮ್ಮ?" ಎಂದು ಕೇಳಿದರು. ಅಣಕವಿರಲಿಲ್ಲ, ನಿಜವಾಗಿಯೂ ನನ್ನನ್ನೇ ಕೇಳುತ್ತಿದ್ದರು. ನನಗೆ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ. ಅವರು ಅರ್ಧ ನುಚ್ಚನ್ನು ನನ್ನ ಕೈಗೆ ಸುರಿದರು. ಹಿತ್ತಿಲ ಆ ಮೂಲೆಯಲ್ಲಿ ಅವರು, ಈ ಮೂಲೆಯಲ್ಲಿ ನಾನು, ಎರಚುತ್ತಾ ನಿಂತೆವು. ಕೋಳಿಗಳು ಎರಡು ಪಾಲಾಗಿ ತಣ್ಣಗೆ ತಿಂದವು.

ನನ್ನ ಸಿಟ್ಟು ಮಾತ್ರ ಇನ್ನೂ ಇತ್ತು. ಯಾರ ಮೇಲೆ ಎಂದು ತಿಳಿಯದೆ, ಅದನ್ನು ಹಾಗೇ ಇಟ್ಟುಕೊಂಡು ಚಳ್ಳಕೆರೆ ಬಸ್ಸು ಹತ್ತಿದೆ.