ಜೋಡಿ ಅಟ್ಟದ ಒಲೆ

ತಿಪಟೂರಿನ ತೆಂಗು ಬೆಳೆಗಾರರ ಕಂಪನಿಯೊಂದರಲ್ಲಿ ವನಜಾಕ್ಷಿಗೆ ಕೆಲಸ. ಸುತ್ತಲ ಊರುಗಳ ಕೆಲವು ಮನೆಗಳ ಅಟ್ಟದಲ್ಲಿ ತೆಂಗಿನಕಾಯಿ ನಿಧಾನವಾಗಿ ಒಣಗಿ ಉಂಡೆ ಕೊಬ್ಬರಿಯಾಗುತ್ತಿರುತ್ತದೆ. ಅಲ್ಲಿನ ಶಾಖ, ತೇವಗಳನ್ನು ಸೆನ್ಸರ್‌ಗಳು ಅಳೆದು ಕಳಿಸುತ್ತವೆ. ಕಂಪ್ಯೂಟರಿನೊಳಗೆ ಪ್ರತಿ ಅಟ್ಟಕ್ಕೂ ಲೆಕ್ಕದಲ್ಲಿ ಕಟ್ಟಿದ ಒಂದು ಜೋಡಿ ಅಟ್ಟವಿದೆ. ಕಾಯಿ ಯಾವಾಗ ಇಳಿಸಬಹುದೆಂದು ಅದು ಮೊದಲೇ ಹೇಳುತ್ತದೆ. ಮನೆಯಲ್ಲಿ ಏನಾದರೂ ಬದಲಾದರೆ ಜೋಡಿಗೆ ತಿಳಿಯುವುದಿಲ್ಲ. ತಿಳಿಸುವುದು ವನಜಾಕ್ಷಿಯ ಕೆಲಸ.

ಪರದೆಯ ಮೇಲೆ ಜೋಡಿಯ ಲೆಕ್ಕದ ಗೆರೆಯೂ ಸೆನ್ಸರ್ ಅಳತೆಯ ಗೆರೆಯೂ ಬೇರೆಯಾದ ಕೂಡಲೇ ಅವಳು ಸ್ಕೂಟರಿನಲ್ಲಿ ಆ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: "ಮನೇಲಿ ಏನು ಬದಲಾಯ್ತು?" ಹೊನ್ನವಳ್ಳಿಯ ಗಂಗಲಕ್ಷ್ಮಿ ಒಮ್ಮೆ, "ಸೊಸೆ ಬಂದ್ಲು ಕಣಮ್ಮ, ಅದನ್ನೂ ಬರ್ಕತೀಯಾ?" ಎಂದು ನಕ್ಕಿದ್ದಳು. ಅಲ್ಲಿ ಹೆಂಚು ತೆಗೆದು ಶೀಟು ಹೊದಿಸಿದ್ದರು, ಅಷ್ಟೇ.

ಈ ಸಲ ಬೇರೆಯಾದದ್ದು ಬಿಳಿಗೆರೆ ಊರಿನ ಅವಳ ಮನೆಯದೇ ಗೆರೆ. ಜೊತೆಗೆ ಕೆಲಸ ಮಾಡುವ ತಿಲಕ್ ತಿಂಗಳುಗಟ್ಟಲೆ ನೋಡಿಯೂ ಸುಮ್ಮನಿದ್ದ. ಅವಳ ಗಂಡನ ಅಣ್ಣ ಚಿಕ್ಕರಂಗಯ್ಯ ಸೋಮವಾರ ಕಾಯಿ ಇಳಿಸಲು ಆಳುಗಳಿಗೆ ಹೇಳಿದ್ದಾನೆಂದು ಗೊತ್ತಾದ ಮೇಲೆ ಅವನಿಗೆ ಸುಮ್ಮನಿರಲಾಗಲಿಲ್ಲ. ಪೂರ್ತಿ ಒಣಗದ ಕಾಯಿ ಒಡೆದರೆ ಕೊಬ್ಬರಿ ಉಂಡೆಯಾಗಿ ಬರುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಅಣ್ಣ ತಮ್ಮ ಇಬ್ಬರ ತೋಟದ ವರ್ಷದ ಕಾಯಿಯೂ ಆ ಅಟ್ಟದಲ್ಲಿತ್ತು.

"ಅಕ್ಕ, ಲೆಕ್ಕ ಸೋಮವಾರ ಅಂತೈತೆ. ಅಟ್ಟ ಅಷ್ಟು ಬಿಸಿಯಾಗೇ ಇಲ್ಲ." ಆಮೇಲೆ ಅವಳದೇ ಪ್ರಶ್ನೆ ಕೇಳಿದ: "ಮನೇಲಿ ಏನು ಬದಲಾಯ್ತು?"

ಅವಳು ಪರದೆ ನೋಡುತ್ತಲೇ, "ಹಂಡೆ ಒಲೆ ಹಚ್ತಿಲ್ಲ" ಅಂದಳು.

ಅಟ್ಟದ ಕೆಳಗೇ ಬಚ್ಚಲು. ಬೆಳಗಿನ ಜಾವ ತೆಂಗಿನ ಮಟ್ಟೆ ಒಟ್ಟಿ ಆ ಒಲೆ ಹಚ್ಚುತ್ತಿದ್ದವನು ಅವಳ ಗಂಡ ದಯಾನಂದ್. ಯುಗಾದಿಗೆ ಮುಂಚೆ ಅವನು ತೀರಿಕೊಂಡ. ಆಮೇಲೆ ಅವಳು ತಣ್ಣೀರಲ್ಲೇ ಸ್ನಾನ ಮಾಡುತ್ತಿದ್ದಳು. ನೀರು ತಣ್ಣಗಿದೆ ಎಂದೂ ಅನ್ನಿಸಿರಲಿಲ್ಲ. ಜೋಡಿ ಅಟ್ಟದ ಕೆಳಗೆ ಮಾತ್ರ ಒಲೆ ದಿನವೂ ಉರಿಯುತ್ತಿತ್ತು.

ಸಂಜೆ ಅವಳ ಮನೆಯಲ್ಲಿ ಚಿಕ್ಕರಂಗಯ್ಯ ಏಣಿ ಹಿಡಿದುಕೊಂಡ. ಅವಳು ಅಟ್ಟ ಹತ್ತಿ ಒಂದು ಕಾಯಿ ಅಲ್ಲಾಡಿಸಿದಳು. ಕೊಬ್ಬರಿ ಚಿಪ್ಪು ಬಿಟ್ಟಿದ್ದರೆ ಒಳಗೆ ಲೊಡಲೊಡ ಅನ್ನಬೇಕು. ನೀರು ಕುಲುಕಿತು.

"ಇಳಿಸೋದು ಬ್ಯಾಡ ಭಾವ."

"ನಿನ್ ಕಂಪ್ಯೂಟ್ರೇ ಸೋಮವಾರ ಅಂದಿದ್ದು ಕಣಮ್ಮ. ಪಂಚಾಂಗದೋರೂ ಇಷ್ಟು ಗಟ್ಟಿಯಾಗಿ ಹೇಳಲ್ಲ."

"ಅದಕ್ಕೆ ಒಲೆ ಆರಿರೋದು ಗೊತ್ತಿಲ್ಲ."

ಚಿಕ್ಕರಂಗಯ್ಯ ಬಚ್ಚಲ ಕಡೆ ನೋಡಿದ. "ನಾಳೆಯಿಂದ ನಾನೇ ಬಂದು ಹಚ್ಲೇನಮ್ಮ?"

"ಬ್ಯಾಡ."

"ಆಯ್ತು ಬುಡು. ಒಣಗ್ದಾಗ ಒಣಗ್ಲಿ. ಆಳ್ಗಳಿಗೆ ಹೇಳ್ತೀನಿ."

ಮರುದಿನ ಅವಳು ಜೋಡಿ ಅಟ್ಟದ ಲೆಕ್ಕದಲ್ಲಿ ಒಲೆಯ ಶಾಖ ಎಂಬಲ್ಲಿ ಸೊನ್ನೆ ಹಾಕಿದಳು. ಯಾವ ದಿನದಿಂದ ಎಂದು ಕಂಪ್ಯೂಟರ್ ಕೇಳಿತು. ತಾರೀಖು ಹುಡುಕಬೇಕಾಗಿರಲಿಲ್ಲ. ಗೆರೆಗಳೆರಡೂ ಕೂಡಿಕೊಂಡವು. ಕಾಯಿ ಇಳಿಸುವ ದಿನ ದೀಪಾವಳಿಯಾಚೆಗೆ ಹೋಯಿತು.

"ಸರಿಹೋಯ್ತಾ ಅಕ್ಕ?" ತಿಲಕ್ ಕೇಳಿದ.

"ಸರಿಹೋಯ್ತು" ಎಂದು ಅವಳು ಮುಂದಿನ ಮನೆಯ ಗೆರೆ ತೆರೆದಳು.