ಗಡಿಯಾರದವನ ಕಿವಿ

ಅವನ ಮುತ್ತಜ್ಜ ಬೀಗ ತೆಗೆಯುವವನು. ಎಂಥ ದೊಡ್ಡ ಮನೆಯವರು ಹೇಳಿಕಳಿಸಿದರೂ ಒಡೆಯ ಎದುರಿಗೆ ಬಂದು ನಿಲ್ಲದೆ ಬೀಗಕ್ಕೆ ಕೈ ಹಾಕುತ್ತಿರಲಿಲ್ಲ. ಅಜ್ಜ ಊರ ನಡುವಿನ ಗೋಪುರದ ಗಡಿಯಾರವನ್ನು, ಉಳಿದವರೆಲ್ಲ ಕೈಚೆಲ್ಲಿದ ಮೇಲೆ, ಹಲ್ಲಿನ ಚಕ್ರವೊಂದನ್ನು ತಾನೇ ಅರದಲ್ಲಿ ತಿಕ್ಕಿ ಕೂರಿಸಿ ನಡೆಸಿದವನು. ಅಪ್ಪ ಮನೆಯ ಮುಂಗೋಣೆಯಲ್ಲೇ ಕೈಗಡಿಯಾರದ ಅಂಗಡಿ ಇಟ್ಟ. ಬೀದಿಗೆ ಮುಖ ಮಾಡಿದ ಮೇಜು, ಪಕ್ಕದಲ್ಲಿ ಗಿರಾಕಿಗೊಂದು ಸ್ಟೂಲು. ಕೆಲಸ ಮುಗಿಯುವ ತನಕ ಗಿರಾಕಿ ಅಲ್ಲೇ ಕೂತು ನೋಡಬೇಕು. ಸವೆದ ಸ್ಕ್ರೂ, ಮುರಿದ ಸ್ಪ್ರಿಂಗು, ತೆಗೆದದ್ದೆಲ್ಲವನ್ನೂ ಕಾಗದದಲ್ಲಿ ಮಡಿಸಿ ಅವರ ಕೈಗೇ ಕೊಡುತ್ತಿದ್ದ. "ಕೆಟ್ಟಿದ್ದೂ ನಿಮ್ಮದೇ" ಎನ್ನುವುದು ಅವನ ಮಾತು. ಒಡೆಯನ ಕಣ್ಣು ತಪ್ಪಿಸಿ ಮಾಡಿದ ಕೆಲಸ ಕಳ್ಳತನಕ್ಕೆ ಒಡಹುಟ್ಟು ಎಂಬುದನ್ನು ಆ ಮನೆಯವರು ಹಾಲಿನ ಜೊತೆಗೇ ಕುಡಿದವರು.

ಆ ಬಳ್ಳಿಯ ಕೊನೆಯ ಕುಡಿಗೆ ಬೀದಿಯವರು ಇಟ್ಟ ಹೆಸರು ಕಿವಿಯಪ್ಪ. ಗಡಿಯಾರವನ್ನು ಬಿಚ್ಚುವ ಮುಂಚೆಯೇ ಕಿವಿಗಿಟ್ಟು, ಕಣ್ಣು ಮುಚ್ಚಿ, ರೋಗ ಇಂಥದ್ದೇ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪಿದ್ದನ್ನು ಕಂಡವರಿಲ್ಲ.

ಅವನ ಹೆಂಡತಿಯ ದನಿ ಎಂಥದ್ದೆಂದರೆ, ಬೀದಿಯ ಈ ತುದಿಯಲ್ಲಿ ಕೂಗಿದರೆ ಆ ತುದಿಯ ನಾಯಿ ಎದ್ದು ಕೂರುತ್ತಿತ್ತು. ಅಂಥವಳ ಗಂಟಲಿಗೇ ಕ್ಯಾನ್ಸರ್ ಹುಣ್ಣು ಬಂತು. ಧ್ವನಿಪೆಟ್ಟಿಗೆ ತೆಗೆಯದೆ ಜೀವ ಉಳಿಯದು ಎಂದರು ಡಾಕ್ಟರು. ಆಸ್ಪತ್ರೆಗೆ ಹೊರಡುವ ಮುನ್ನ ಮಗಳು ಅವಳನ್ನು ಮನೆಯ ಕಂಪ್ಯೂಟರಿನ ಮುಂದೆ ಕೂರಿಸಿ ದನಿ ತುಂಬಿಸಿಕೊಂಡಳು. ಅವಳೇನು ದೊಡ್ಡ ಮಾತು ಆಡಲಿಲ್ಲ. ಮಗಳನ್ನು ಕರೆದಳು, ಹಾಲಿನವನನ್ನು ಬೈದಳು, ಕೊನೆಗೆ ಗಂಡನ ಕಡೆ ತಿರುಗಿ, "ಊಟಕ್ಕೆ ಬರ್ತೀರೋ, ಇಲ್ಲಾ ಆ ಗಡಿಯಾರದ ಮುಳ್ಳನ್ನೇ ನುಂಗ್ತೀರೋ?" ಎಂದಳು.

ಆಪರೇಷನ್ ಆದ ಮೇಲೆ ದಿನಾ ಮಧ್ಯಾಹ್ನ ತಟ್ಟೆ ಇಟ್ಟು, ಅವಳೇ ಹೋಗಿ ಕಂಪ್ಯೂಟರಿನಲ್ಲಿ ಆ ಮಾತನ್ನು ಒತ್ತುತ್ತಿದ್ದಳು. ಒಳಗಿನಿಂದ ದನಿ ಅಂಗಡಿಗೆ ಬರುತ್ತಿತ್ತು. ಇವನು "ಬಂದೆ ಕಣೇ, ಕಿರುಚಬೇಡ" ಎಂದು ಏಳುತ್ತಿದ್ದ. ಆ ಬೈಗುಳವೊಂದು ಇಲ್ಲದಿದ್ದರೆ ಅವನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಅಪ್ಪಾ, ಇದನ್ನ ಇನ್ನೊಂದು ಕಡೆ ಕಾಪಿ ಮಾಡಿಡೋಣ" ಎಂದಳು ಮಗಳು.

"ಒಂದು ಗಡಿಯಾರಕ್ಕೆ ಯಾರಾದ್ರೂ ಎರಡು ಸ್ಪ್ರಿಂಗ್ ಹಾಕ್ತಾರೇನೇ? ನಾನಿಲ್ವಾ ನೋಡ್ಕೊಳ್ಳೋಕೆ?" ಎಂದ. ಮಾತು ಅಲ್ಲಿಗೇ ನಿಂತಿತು.

ಒಮ್ಮೆ ಕಂಪ್ಯೂಟರ್ ಕಾದು, ತಾನಾಗಿ ಆರಿಹೋಗತೊಡಗಿತು. ಪೇಟೆಯ ದೊಡ್ಡ ಅಂಗಡಿಗೆ ಹೊತ್ತುಕೊಂಡು ಹೋದ. ಅಲ್ಲಿಯವನು ಪೆಟ್ಟಿಗೆಯನ್ನು ಪರದೆಯ ಹಿಂದಕ್ಕೆ ಸಾಗಿಸಿ "ಸಂಜೆ ಬನ್ನಿ" ಎಂದ. ಸಂಜೆ ಚಾಲೂ ಮಾಡಿ ತೋರಿಸಿದಾಗ ಕಿವಿಯಪ್ಪ ಪೆಟ್ಟಿಗೆಯೊಳಗಿನ ಫ್ಯಾನಿನ ಸದ್ದಿಗೆ ಕಿವಿ ಕೊಟ್ಟು ಕೇಳಿ, "ಈ ಫ್ಯಾನು ನಂದಲ್ಲ. ಕೆಟ್ಟಿದ್ದು ಬೇರೆ ಏನೋ, ನೀನು ಬದಲಾಯ್ಸಿದ್ದು ಇದನ್ನ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೀಯ. ನನ್ನ ಹಳೇದು ಕೊಡು" ಎಂದ.

"ಬಿಸಾಕಿದ್ವಿ ಯಜಮಾನ್ರೇ. ತಗೊಂಡು ಏನ್ಮಾಡ್ತೀರಾ, ಉಪ್ಪಿನಕಾಯಿ ಹಾಕ್ತೀರಾ?"

ಆವತ್ತಿನಿಂದ ಪರದೆ ಕಟ್ಟಿದ ಅಂಗಡಿಯ ನೆರಳೂ ಅವನಿಗೆ ಆಗದು.

ಆಮೇಲೆ ಶುರುವಾಯಿತು ಟಿಕ್ ಟಿಕ್. ಕಂಪ್ಯೂಟರಿನ ಪರದೆ ಕಪ್ಪಗೆ ಹಾಗೇ ಇದೆ, ಪೆಟ್ಟಿಗೆಯ ಒಳಗೆಲ್ಲೋ ಸದ್ದು ಮಾತ್ರ. ಹೆಂಡತಿ ಗುಂಡಿಯನ್ನು ಒತ್ತಿ ಒತ್ತಿ ಸೋತಳು. ಈ ಸಲ ಅವನು ಕೇಳಿ ವಿಚಾರಿಸಿ ಹೋದದ್ದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಅಂಗಡಿ ಇಟ್ಟ ಹೆಂಗಸಿನ ಬಳಿಗೆ. ಅವಳು ಪೆಟ್ಟಿಗೆಯನ್ನು ಅವನ ಕಣ್ಣೆದುರೇ ಬಿಚ್ಚಿದಳು. ಒಂದೊಂದು ಸ್ಕ್ರೂವನ್ನೂ ತಟ್ಟೆಗೆ ಹಾಕಿ ಅವನ ಮುಂದಿಟ್ಟಳು. ಇವಳು ನಮ್ಮಪ್ಪನ ಕೈಯಲ್ಲಿ ಪಳಗಬೇಕಾದವಳು ಎಂದುಕೊಂಡ.

"ನೋಡಿ ಯಜಮಾನ್ರೇ, ದನಿ ಇರೋದು ಈ ಹಾರ್ಡ್ ಡಿಸ್ಕಲ್ಲಿ. ಸದ್ದೂ ಇದರದ್ದೇ. ಇದಕ್ಕೆ ನನ್ನ ಕೈ ಸಾಲದು."

"ಟಿಕ್ ಅಂತಿದೆಯಲ್ಲಮ್ಮಾ. ಜೀವ ಇದೆ."

"ಗಡಿಯಾರ ಟಿಕ್ ಅಂದ್ರೆ ಬದುಕಿದೆ ಅಂತ. ಇದು ಟಿಕ್ ಅಂದ್ರೆ ಸಾಯ್ತಿದೆ ಅಂತ. ಧೂಳೇ ಇಲ್ಲದ ಕೋಣೆಯೊಳಗೆ ಇದನ್ನ ಬಿಚ್ಚೋರಿದ್ದಾರೆ, ಅಲ್ಲಿಗೆ ಕಳಿಸ್ತೀನಿ. ಅಲ್ಲೀವರೆಗೂ ಕರೆಂಟ್ ಕೊಡ್ಬೇಡಿ, ಬಿಚ್ಚಲಂತೂ ಬೇಡಿ."

"ನಾನೂ ಹೋಗಿ ಪಕ್ಕದಲ್ಲಿ ಕೂತ್ಕೋಬಹುದಾ?"

"ಆ ಕೋಣೆಗೆ ನನ್ನನ್ನೇ ಬಿಡಲ್ಲ."

ಅಷ್ಟೇ ಸಾಕಾಯಿತು. ಕಣ್ಣಿಗೆ ಕಾಣದ ಕೋಣೆ, ಮುಖ ಕಾಣದ ಕೈ. ಯೋಚಿಸಿ ಹೇಳುತ್ತೇನೆಂದು ಡಿಸ್ಕನ್ನು ಜೇಬಿಗಿಟ್ಟುಕೊಂಡು, ಪೆಟ್ಟಿಗೆಯನ್ನು ಹೊತ್ತು ಮನೆಗೆ ಬಂದ. ಅವಳು ಒಳ್ಳೆಯವಳೆಂದು ಬಲ್ಲ. ಆದರೆ ಹುಟ್ಟಿದಾಗಿನಿಂದ ಟಿಕ್ ಎಂದರೆ ಜೀವ ಎಂದು ಕೇಳಿದ ಕಿವಿ ಅವಳ ಮಾತನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಮರುದಿನ ಬೆಳಕು ಚೆನ್ನಾಗಿದ್ದ ಹೊತ್ತಿನಲ್ಲಿ ಅಪ್ಪನ ಮೇಜನ್ನು ಒರೆಸಿ, ಗಿರಾಕಿಯ ಸ್ಟೂಲಿನ ಮೇಲೆ ಹೆಂಡತಿಯನ್ನು ಕೂರಿಸಿದ. ದನಿ ಅವಳದ್ದು, ಒಡತಿ ಎದುರಿಗಿರಬೇಕು. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಮುಚ್ಚಳ ತೆಗೆದ. ಕನ್ನಡಿಯಂಥ ತಟ್ಟೆ, ಅದರ ಮೇಲೊಂದು ಸಣ್ಣ ಕೈ. "ನೋಡೇ, ಏನು ಚೆಂದ ಮಾಡಿದ್ದಾರೆ!" ಎಂದ. ಉಸಿರು ತಾಗಿ ತಟ್ಟೆ ಮಂಜಾಯಿತು. ಮೆತ್ತನೆ ಬಟ್ಟೆಯಿಂದ ಒರೆಸಿದ. ತಿರುಗಣೆಗೆ ಒಂದು ತೊಟ್ಟು ಗಡಿಯಾರದ ಎಣ್ಣೆ ಬಿಟ್ಟ. ಮುಚ್ಚಿ, ಮೊದಲಿದ್ದ ಕಡೆ ಸಿಕ್ಕಿಸಿ, ಕರೆಂಟ್ ಕೊಟ್ಟ.

ಕರ್ರನೆ ಉಜ್ಜಿದ ಸದ್ದು ಬಂತು. ಆಮೇಲೆ ಆ ಟಿಕ್ ಕೂಡ ಇಲ್ಲ.

ಅವನು ಡಿಸ್ಕನ್ನು ಮತ್ತೆ ಹೊರತೆಗೆದು ಕಿವಿಗಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಕೊನೆಗೆ ಅದನ್ನು ಕಾಗದದಲ್ಲಿ ಮಡಿಸಿ ಹೆಂಡತಿಯ ಕೈಗಿಟ್ಟ. ಅಪ್ಪ ಆಡುತ್ತಿದ್ದ ಮಾತನ್ನು ಆಡಲು ಬಾಯಿ ತೆರೆದ, ಬರಲಿಲ್ಲ.

ಹೆಂಡತಿ ಅಳುತ್ತ ಕೂರುವ ಪೈಕಿಯಲ್ಲ. ಎದ್ದು ಹೋಗಿ ಮೆಟ್ಟಿಲ ಕೆಳಗಿನವಳನ್ನು ಕೈಹಿಡಿದು ಎಳೆದುಕೊಂಡು ಬಂದಳು. ಬಂದವಳು ಹೆಂಡತಿಯ ಕೈಯಲ್ಲಿದ್ದ ಕಾಗದ ಬಿಡಿಸಿ ಎಣ್ಣೆಯ ಕಲೆ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೇನೋ.

"ಬರುತ್ತೆ ಅಂತ ನಾನು ಹೇಳಲ್ಲ ಯಜಮಾನ್ರೇ. ಆದ್ರೂ ಕಳಿಸಿ ನೋಡೋಣ. ಒಂದು ಚೂರಾದ್ರೂ ಸಿಕ್ಕೀತು. ಓಡಾಟ ಎಲ್ಲ ನಂದು, ನೀವು ಹೂಂ ಅನ್ನಿ ಸಾಕು."

ಹೆಂಡತಿ ಪೊಟ್ಟಣವನ್ನು ಅವಳ ಕಡೆ ಚಾಚಿದಳು. ಕಿವಿಯಪ್ಪ ಅದರ ಮೇಲೆ ಕೈಯಿಟ್ಟು ತಡೆದ.

"ಬೇಡ ತಾಯಿ. ನೀನು ಸರಿಯಾಗೇ ಹೇಳಿದ್ದೆ, ನಾನೇ ಕೇಳ್ಲಿಲ್ಲ. ಈಗ ಕಳಿಸಿದ್ರೆ ಇವಳು ದಿನಾ ಬಾಗಿಲು ನೋಡ್ತಾ ಕೂರ್ತಾಳೆ. ಇವಳ ದನಿ ಒಂದು ಸಲ ಡಾಕ್ಟರ ಕೈಲಿ ಹೋಯ್ತು, ಒಂದು ಸಲ ನನ್ನ ಕೈಲಿ ಹೋಯ್ತು. ಮೂರನೇ ಸಲ ಹೋಗೋದನ್ನ ನೋಡೋಕೆ ನನ್ನಲ್ಲಿ ಜೀವ ಇಲ್ಲ. ಕೆಟ್ಟಿದ್ದೂ ನಮ್ಮದೇ. ಇಲ್ಲೇ ಇರ್ಲಿ ಬಿಡು."