ಬಿಳಿ ಹತ್ತಿದ ಕುಂಡಗಳು

ಟಣ್. ಮಣ್ಣಿನ ಕುಂಡಕ್ಕೆ ಬೆರಳಿನ ಗೆಣ್ಣು ಬಡಿಯುವ ಸದ್ದು. ದೇವದುರ್ಗದಿಂದ ಟಂಟಂ ಆಟೋದಲ್ಲಿ ಕುಂಡ ಹೇರಿಕೊಂಡು ರಾಯಚೂರಿನ ನಮ್ಮ ಓಣಿಗೆ ಬರುತ್ತಿದ್ದ ಕುಂಬಾರ ಮುದುಕಿ ಒಂದೊಂದನ್ನೂ ಬಿರುಕಿಲ್ಲವೆಂದು ಹಾಗೆ ಬಡಿದು ತೋರಿಸದೆ ಮಾರುತ್ತಿರಲಿಲ್ಲ. ನನಗಿಂತ ಎರಡು ವರ್ಷ ಚಿಕ್ಕವಳೇ ಇರಬೇಕು. ಆದರೂ ಮುದುಕಿ ಎಂದು ನಾನು ಕರೆಯುವುದು ಆಕೆಯನ್ನು. ಆ ಸದ್ದು ಕೇಳಿದರೆ ನನ್ನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಗುತ್ತಿತ್ತು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಸ್ಕೇಲಿನಿಂದ ನಮ್ಮ ಗೆಣ್ಣುಗಳನ್ನು ಹೀಗೇ ಪರೀಕ್ಷೆ ಮಾಡುತ್ತಿದ್ದರು. ನಮ್ಮೊಳಗಿಂದ ಮಾತ್ರ ಟಣ್ ಎಂದು ಎಂದೂ ಕೇಳಿಸಲಿಲ್ಲ. ಈಗ ಆಕೆಯಿಲ್ಲ. ಸೊಸೆ ಬರುತ್ತಾಳೆ, ಪ್ಲಾಸ್ಟಿಕ್ ಕುಂಡವನ್ನೂ ತರುತ್ತಾಳೆ. ಪ್ಲಾಸ್ಟಿಕ್ಕನ್ನು ಬಡಿದು ಏನು ಕೇಳುವುದು?

ಮುದುಕಿಯಿಂದ ಕೊಂಡ ಕುಂಡಗಳಲ್ಲಿ ಕ್ರೋಟನ್, ಮನಿ ಪ್ಲಾಂಟ್, ಸತ್ತೂ ಸಾಯದ ಒಂದು ಫರ್ನ್ ಇಟ್ಟಿದ್ದೆ. ಒಂದು ಬೇಸಿಗೆಯಲ್ಲಿ ಅವುಗಳ ಮೈಮೇಲೆಲ್ಲ ಬಿಳಿ ಪುಡಿ ಏಳತೊಡಗಿತು. ಮೊದಲು ನೋಡಿದವರು ಪಕ್ಕದ ಮನೆಯ ರೈಸ್ ಮಿಲ್ಲಿನ ಸಾಹುಕಾರ್ತಿ. ಮೂರು ಬೆರಳಿಗೆ ಉಜ್ಜಿಕೊಂಡು ಹಣೆಗೆ ಎಳೆದೇಬಿಟ್ಟರು.

“ಅಕ್ಕಾರ, ನಿಮ್ಮ ಮನ್ಯಾಗ ವಿಭೂತಿ ಎದ್ದದ ನೋಡ್ರಿ! ಯಾವ ಜನ್ಮದ ಪುಣ್ಯಾನೋ!”

“ನಾನ್‌ಸೆನ್ಸ್,” ಎಂದೆ. ಕಲಿತ ಕೆಮಿಸ್ಟ್ರಿ ಐವತ್ತು ವರ್ಷದಿಂದ ಒಳಗೇ ಕೊಳೆಯುತ್ತಿತ್ತು, ಹೊರಬರಲು ಹಾದಿ ಸಿಕ್ಕಿತು. “ಇದು ಸಾಲ್ಟ್. ಆ ಮುದುಕಿ ಸವಳು ಮಣ್ಣು ಕಲಸಿ ಮೋಸ ಮಾಡ್ಯಾಳ. ಸಿಂಪಲ್.”

ವಿಭೂತಿಯ ಸುದ್ದಿಯಾಗಿದ್ದರೆ ಓಣಿ ದಾಟಲು ಒಂದು ವಾರ ಹಿಡಿಯುತ್ತಿತ್ತೇನೋ. ಮೋಸದ ಸುದ್ದಿ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಎಲ್ಲ ಮನೆ ಮುಟ್ಟಿತು.

ಎರಡು ವಾರದ ಮೇಲೆ ಮುದುಕಿ ಬಂದಾಗ ಒಂದು ಬಾಗಿಲೂ ತೆರೆಯಲಿಲ್ಲ. ಅದರ ಕಾರಣವನ್ನು ಯಾರೋ ಆಕೆಯ ಕಿವಿಗೆ ಹಾಕಿದ್ದರು. ಸೀದಾ ನನ್ನ ಅಂಗಳಕ್ಕೆ ಬಂದವಳೇ ಕುಂಡವೊಂದನ್ನು ಎತ್ತಿ, ನಾಲಿಗೆ ಚಾಚಿ ನೆಕ್ಕಿದಳು.

“ಛೀ! ಹೈಜೀನ್ ಅಂಬೂದು ಗೊತ್ತದೇನಬೇ ನಿನಗ?”

“ಬೋರಿನ ನೀರು,” ಎಂದಳು, ಸಾರಿನ ಉಪ್ಪು ನೋಡಿದವರ ಹಾಗೆ. “ನನ್ನ ಮಣ್ಣಲ್ಲ. ನಿಮ್ಮ ಬಕೀಟಿನ ಬಾಯಿಗೂ ಇದ ಬಿಳೀದು ಹತ್ತೇದ ನೋಡ್ರಿ. ಬಕೀಟೂ ನಾನ ಮಾಡೀನೇನು?”

ನೋಡಿದೆ. ಹತ್ತಿತ್ತು. ಸೋಲೊಪ್ಪಲು ಮನಸ್ಸಿಲ್ಲದೆ ಮಾನ್ವಿಯ ನಮ್ಮಕ್ಕನಿಗೆ ಫೋನ್ ಹಚ್ಚಿದೆ. ಆಕೆಗೂ ಕುಂಡ ಕೊಟ್ಟವಳು ಇದೇ ಮುದುಕಿ. ಆದರೆ ಅಲ್ಲಿ ಗಿಡಕ್ಕೆ ಕಾಲುವೆ ನೀರು.

“ಕೆಂಪಗ ಅದಾವ, ತಂದ ದಿನ ಇದ್ದಂಗ,” ಎಂದಳು ಅಕ್ಕ. “ಯಾಕ, ನಿನ್ನವು ಏನಾದವು?”

ಫೋನ್ ಇಟ್ಟೆ. ಮುದುಕಿಗೆ “ಸಾರಿ” ಎಂದೆ, ಬಹಳ ಚೆಂದದ ಆಕ್ಸೆಂಟಿನಲ್ಲಿ.

“ನನಗ್ಯಾಕ ಹೇಳ್ತೀರಿ? ಅವರಿಗೆ ಹೇಳ್ರಿ.” ಓಣಿಯತ್ತ ಗದ್ದ ಎತ್ತಿ ತೋರಿಸಿದಳು. “ಬರೇ ಹೇಳಿದ್ರ ನಂಬಂಗಿಲ್ಲ, ನೆಕ್ಕಿ ಹೇಳ್ರಿ. ಇಲ್ಲಾಂದ್ರ ನನಗ ಈ ಓಣಿ ಮುಗೀತು.”

ಕರೆದೆ. ಸಾಹುಕಾರ್ತಿಯೂ ಇನ್ನೂ ನಾಲ್ವರೂ ಗೇಟಿನ ಹತ್ತಿರ ನಿಂತರು. ಕಾನ್ವೆಂಟಿನ ಚಾಪೆಲ್ಲಿನಲ್ಲಿ ಕ್ರಿಶ್ಚಿಯನ್ ಹುಡುಗಿಯರು ಕಣ್ಣು ಮುಚ್ಚಿ ನಾಲಿಗೆ ಚಾಚಿದರೆ ಫಾದರ್ ಅದರ ಮೇಲೆ ಪ್ರಸಾದದ ಬಿಳಿಯದೊಂದು ಬಿಲ್ಲೆ ಇಡುತ್ತಿದ್ದರು. ಕೊರಳಲ್ಲಿ ಲಿಂಗವಿದ್ದ ನನಗೆ ಹಿಂದಿನ ಬೆಂಚು. ಅದರ ರುಚಿ ಹೇಗಿರುತ್ತದೋ ಎಂದು ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೆ! ಎಪ್ಪತ್ತು ದಾಟಿದ ಮೇಲೆ, ನಮ್ಮ ಅಂಗಳದಲ್ಲಿ, ನಾನೂ ಕಣ್ಣು ಮುಚ್ಚಿ ನಾಲಿಗೆ ಚಾಚಿದೆ. ಮುದುಕಿಯೇ ಕುಂಡವನ್ನು ಬಾಯಿಯ ಹತ್ತಿರ ಹಿಡಿದಳು. ಮೊದಲು ಉಪ್ಪು, ಆಮೇಲೆ ಕಹಿ, ಕೊನೆಗೆ ಬರೀ ಸುಣ್ಣ.

“ನಮ್ಮ ಬೋರಿನ ನೀರ ಇದು,” ಎಂದೆ. “ತಪ್ಪು ನಂದು. ಈಕಿ ಮಣ್ಣು ಚೊಲೋ ಅದ.”

“ಅಯ್ಯ ಶಿವನ! ನಾ ಹಣಿಗೆ ಹಚ್ಚಿಕೊಂಡಿದ್ನೆಲ್ರೀ!” ಎನ್ನುತ್ತ ಸಾಹುಕಾರ್ತಿ ಸೆರಗಿನಿಂದ ಹಣೆ ಒರೆಸಿಕೊಂಡರು, ಎರಡು ವಾರ ತಡವಾಗಿ. ಆಮೇಲೆ ನಾಲ್ಕು ಕುಂಡ ಆರಿಸಿಕೊಂಡರು. ಉಳಿದವರೂ ಬಗ್ಗಿದರು. ಯಾರೂ ಕೇಳದಿದ್ದರೂ ಮುದುಕಿ ಒಂದೊಂದನ್ನೂ ಬಡಿದೇ ಕೊಟ್ಟಳು.

ಖಾಲಿ ಟಂಟಂ ಹತ್ತಿ ಕೂತು, ಇನ್ನೂ ಬಾಯಿ ತೆರೆದೇ ನಿಂತಿದ್ದ ನನ್ನತ್ತ ತಿರುಗಿದಳು.

“ಬಾಯಿ ಮುಚ್ರೀ ಯವ್ವಾ, ನೊಣ ಹೊಕ್ಕಾವು.”

ಮುಚ್ಚಿದೆ. ಆಕೆಯನ್ನು ನಾನು ನೋಡಿದ್ದು ಅದೇ ಕೊನೆ.